ರಾಮಾಂಜಿನಪ್ಪನವರ ತುಂಬಿದ ಡಿಸ್ಕು

ಜಡಿಗೇನಹಳ್ಳಿಯ ರಾಮಾಂಜಿನಪ್ಪನವರಿಗೆ ಲೋಕದಲ್ಲಿ ಯಾರ ಮೇಲೂ ಅಸೂಯೆ ಇರಲಿಲ್ಲ, ತಮ್ಮ ಷಡ್ಡಕ ಕೆಂಪರಾಜನೊಬ್ಬನನ್ನು ಬಿಟ್ಟು. ಒಬ್ಬನ ಮೇಲೆಯೇ ಇದ್ದುದರಿಂದ ಅದು ನಾಲ್ಕು ಕಡೆ ಹಂಚಿಹೋಗದೆ, ನೀರು ಬೆರೆಸದ ಹಾಲಿನಂತೆ ಗಟ್ಟಿಯಾಗಿಯೇ ಉಳಿದಿತ್ತು.

ಕೆಂಪರಾಜನೆಂದರೆ ರಾಮಾಂಜಿನಪ್ಪನವರ ಹೆಂಡತಿ ಶಶಿರೇಖಾಳ ತಂಗಿಯ ಗಂಡ. ದೇವನಹಳ್ಳಿಯ ವಾಸಿ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಮೇಲ್ವಿಚಾರಕ. ಆರಡಿಯ ಆಳು. ಅವನು ತೊಡುತ್ತಿದ್ದ ಬಿಳಿಯ ಅಂಗಿ ಎಂಥ ಮದುವೆಯ ಊಟವಾದ ಮೇಲೂ ಒಂದು ತೊಟ್ಟು ಸಾರನ್ನು ಕಂಡದ್ದಿಲ್ಲ. ನಲ್ಲೂರಿನ ಮಾವನ ಮನೆಗೆ ಅವನು ಬಂದರೆ ಯಾರಾದರೊಬ್ಬರು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ರಾಮಾಂಜಿನಪ್ಪನವರು ಬಂದರೆ, ಎದ್ದವರು ಕೂಡ ಕುಳಿತುಬಿಡುತ್ತಿದ್ದರು.

ಇಷ್ಟೆಲ್ಲ ಇದ್ದ ಕೆಂಪರಾಜನಿಗೆ ಇಲ್ಲದ ಒಂದೇ ಒಂದು ಸಂಪತ್ತು ರಾಮಾಂಜಿನಪ್ಪನವರ ವಶದಲ್ಲಿತ್ತು. ಅದು ಪಟ್ಟಿ.

ಮಾವ ಅಪ್ಪಯ್ಯಣ್ಣನವರ ವಂಶದಲ್ಲಿ ಯಾರದೇ ಮದುವೆಯಾಗಲಿ, ಕರೆಯಬೇಕಾದ ಮನೆಗಳ ಪಟ್ಟಿ ಮಾಡಿ ಲಗ್ನಪತ್ರಿಕೆಯ ಒಕ್ಕಣೆ ಬರೆಯುವ ಗೌರವ ಹಿರಿಯ ಅಳಿಯನದು. ಇಪ್ಪತ್ತೆರಡು ವರ್ಷಗಳಿಂದ, ಮೂವತ್ತೊಂದು ಮದುವೆಗಳಿಗೆ, ಅದನ್ನು ರಾಮಾಂಜಿನಪ್ಪನವರೇ ಮಾಡಿಕೊಂಡು ಬಂದಿದ್ದರು. ಪ್ರೌಢಶಾಲೆಯ ಹೆಡ್ ಗುಮಾಸ್ತರಾಗಿ ನಿವೃತ್ತರಾದ ಅವರ ಪಟ್ಟಿಗೆ ಸರ್ಕಾರಿ ಕಡತದ ಗಾಂಭೀರ್ಯವಿತ್ತು. ಆರುನೂರ ಹದಿನಾಲ್ಕು ಮನೆ, ನಾಲ್ಕು ಕಾಲಮ್ಮು: ಹೆಸರು, ಊರು, ಸಂಬಂಧ, ಷರಾ. ಮೊದಲ ಮೂರು ಕಾಲಮ್ಮುಗಳನ್ನು ಯಾವ ಗುಮಾಸ್ತ ಬೇಕಾದರೂ ತುಂಬಬಲ್ಲ. ಪಟ್ಟಿಯ ಜೀವವಿದ್ದದ್ದು ನಾಲ್ಕನೆಯದರಲ್ಲಿ. ಯಾರ ಮನೆಗೆ ಕುಂಕುಮದ ಬಟ್ಟಲು ಹಿಡಿದೇ ಹೋಗಬೇಕು, ಯಾರಿಗೆ ವಾಟ್ಸಾಪಿನಲ್ಲಿ ಕಳುಹಿಸಿದರೆ ಮುಂದಿನ ಮೂರು ಮದುವೆಗಳಿಗೂ ಮುಖ ತೋರಿಸುವುದಿಲ್ಲ, ಯಾರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬಾರದು, ಇವೆಲ್ಲ ಅಲ್ಲಿ ಶುದ್ಧವಾದ ಗ್ರಂಥಭಾಷೆಯಲ್ಲಿ ದಾಖಲಾಗಿದ್ದವು. ಷರಾ ಕಾಲಮ್ಮನ್ನು ಅವರು ಹೆಂಡತಿಗೂ ತೋರಿಸಿದವರಲ್ಲ. ಮುದ್ರಿಸಿಕೊಂಡ ಪ್ರತಿಯನ್ನು ಮದುವೆ ಮುಗಿದ ದಿನವೇ ಹರಿದು ಹಂಡೆಯ ಒಲೆಗೆ ಹಾಕುವುದು ಅವರ ಪದ್ಧತಿ.

ಈ ಪಟ್ಟಿ ನೆಲೆಸಿದ್ದುದು ಹದಿಮೂರು ವರ್ಷದ ಹಳೆಯ ಕಂಪ್ಯೂಟರಿನಲ್ಲಿ, ಅದರೊಳಗೆ ಡೌನ್‌ಲೋಡ್ಸ್ ಎಂಬ ಕೋಣೆಯಲ್ಲಿ. ಮೊದಲ ಸಲ ಅದು ಶಾಲೆಯ ಇಮೇಲಿನಿಂದ ಇಳಿದು ಕಾಲಿಟ್ಟ ಜಾಗ ಅದು. ಆ ವರ್ಷ ಮಾಡಿದ ಮದುವೆಗಳೆಲ್ಲ ಸುಸೂತ್ರವಾಗಿ ನಡೆದದ್ದರಿಂದ, ಜಾಗದ ಗುಣವೆಂದು ತಿಳಿದು ಅವರು ಅದನ್ನು ಅಲ್ಲಿಂದ ಅಲುಗಾಡಿಸಿರಲಿಲ್ಲ.

ಅಪ್ಪಯ್ಯಣ್ಣನವರ ಮೊಮ್ಮಗಳು ದಿವ್ಯಳಿಗೆ ಗಂಡು ಗೊತ್ತಾದ ಸೋಮವಾರ ನಲ್ಲೂರಿನ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಕೆಂಪರಾಜ ಚೀಲದಿಂದ ಹೋಳಿಗೆಯಷ್ಟು ತೆಳ್ಳಗಿನ ಲ್ಯಾಪ್‌ಟಾಪೊಂದನ್ನು ತೆಗೆದ. ಅವನು ಚಕ್ಕಂಬಕ್ಕಲ ಹಾಕಿ ಕೂರುವುದರೊಳಗೆ ಅದು ಬೆಳಗಿತು. ಪಡಸಾಲೆಯ ಕಣ್ಣೆಲ್ಲ ಅದರ ಮೇಲೆ ಹೋದದ್ದನ್ನು ಕಂಡು ರಾಮಾಂಜಿನಪ್ಪನವರು ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟರು. ಅಷ್ಟರಲ್ಲಿ ಮಾವ, ನಿಮ್ಮ ಯಂತ್ರ ಹೇಗಿದೆ ಎಂದು ವಿಚಾರಿಸಿದರು.

"ನಮ್ದು ತುಂಬೋಗಿದೆ ಮಾವ," ಎಂದರು ರಾಮಾಂಜಿನಪ್ಪನವರು, ಎದೆಯನ್ನು ಸ್ವಲ್ಪ ಮುಂದೆ ಮಾಡಿ. "ಒಂದು ಸಾಸಿವೆ ಕಾಳಿಗೂ ಜಾಗ ಇಲ್ಲ. ದಿನಾ ಬೆಳಗ್ಗೆ ಅದೇ ಹೇಳುತ್ತೆ. ನಿಂದೆಷ್ಟಪ್ಪ ಕೆಂಪರಾಜು?"

"ಮುನ್ನೂರ ಎಂಬತ್ತು ಜೀಬಿ ಖಾಲಿ ಇದೆ ಅಣ್ಣ."

ರಾಮಾಂಜಿನಪ್ಪನವರು ಷಡ್ಡಕನನ್ನು ಮೊಟ್ಟಮೊದಲ ಬಾರಿಗೆ ಕರುಣೆಯಿಂದ ನೋಡಿದರು. "ಪರ್ವಾಗಿಲ್ಲ ಬಿಡು. ನಿಧಾನಕ್ಕೆ ತುಂಬುತ್ತೆ. ನಂಗೂ ಹದಿಮೂರು ವರ್ಷ ಹಿಡೀತು."

ಕಣಜ ಕಂಡ ಜನ. ತುಂಬಿದ್ದು ದೊಡ್ಡದು, ಬರಿದಾದದ್ದು ಅಶುಭ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅಪ್ಪಯ್ಯಣ್ಣನವರು ಮೆಚ್ಚಿ ತಲೆಯಾಡಿಸಿದರು. ಅತ್ತೆ ಮುನಿತಾಯಮ್ಮನವರು ಕಿರಿಯ ಮಗಳ ಬೆನ್ನು ಸವರಿ, ನಿಮಗೂ ದೇವರು ಕೊಡುತ್ತಾನೆ ಎಂದು ಸಮಾಧಾನ ಹೇಳಿದರು. ಆ ಒಂದು ಗಳಿಗೆ ಹಾಗೆಯೇ ನಿಂತಿದ್ದರೆ ರಾಮಾಂಜಿನಪ್ಪನವರ ಜೀವನ ಸಾರ್ಥಕವಾಗುತ್ತಿತ್ತು. ಆದರೆ ಮದುವಣಗಿತ್ತಿ ದಿವ್ಯ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಕಂಪ್ಯೂಟರು ತುಂಬುವುದೆಂದರೆ ಹೊಟ್ಟೆ ಉಬ್ಬರಿಸಿದ ಹಾಗೆಂದೂ, ಖಾಲಿ ಇದ್ದಷ್ಟೂ ಅದು ಚುರುಕೆಂದೂ, ದೊಡ್ಡ ಮಾವನ ಯಂತ್ರ ಯಾವ ದಿನ ಬೇಕಾದರೂ ಮಲಗಿಬಿಡಬಹುದೆಂದೂ ಅವಳು ತಾತನಿಗೆ ಬಿಡಿಸಿ ಹೇಳಿದಳು.

"ಹಂಗಾರೆ ಇಷ್ಟೊತ್ತು ಇವ್ರು ಹೇಳ್ಕೊಂಡಿದ್ದು ಕಾಯ್ಲೇನಾ?" ಎಂದು ಅಪ್ಪಯ್ಯಣ್ಣನವರು ಕೇಳಿದರು. ಹೌದು ತಾತ ಎಂದಳು ಮೊಮ್ಮಗಳು. ಮುನಿತಾಯಮ್ಮನವರು ಕಿರಿಯ ಮಗಳ ಬೆನ್ನ ಮೇಲಿಂದ ಕೈ ತೆಗೆದರು.

ಮಾವನವರ ತೀರ್ಪು ಚಿಕ್ಕದಾಗಿತ್ತು. ಬರುವ ಭಾನುವಾರ ನೆಂಟರ ಮುಂದೆ ಪಟ್ಟಿ ಓದಬೇಕು. ಹಿರಿಯ ಅಳಿಯಂದಿರ ಯಂತ್ರ ಅಷ್ಟರಲ್ಲಿ ಗುಣವಾಗಿ ಪಟ್ಟಿ ಬಂದರೆ ಸರಿ. ಬಾರದಿದ್ದರೆ ಈ ಸಲದಿಂದ ಪಟ್ಟಿ, ಪತ್ರಿಕೆ ಎರಡೂ ಕಿರಿಯ ಅಳಿಯಂದಿರದು.

ಮರುದಿನದಿಂದಲೇ ಜಡಿಗೇನಹಳ್ಳಿಯಲ್ಲಿ ಚಿಕಿತ್ಸೆ ಆರಂಭವಾಯಿತು. ಬೆಳಿಗ್ಗೆ ಆರಕ್ಕೆ ಗುಂಡಿ ಒತ್ತಿದರೆ, ರಾಮಾಂಜಿನಪ್ಪನವರ ಸ್ನಾನ, ಪೂಜೆ, ಮುದ್ದೆ ಮೂರೂ ಮುಗಿಯುವ ಹೊತ್ತಿಗೆ ಕಂಪ್ಯೂಟರು ಕಣ್ಣು ಬಿಡುತ್ತಿತ್ತು. ಬಿಟ್ಟೊಡನೆ ಡಿಸ್ಕು ಎಷ್ಟು ತುಂಬಿದೆಯೆಂದು ಹೇಳುವ ಪಟ್ಟೆಯನ್ನು ಕೆಂಪಗೆ ತೋರಿಸುತ್ತಿತ್ತು. ಪಟ್ಟಿಯನ್ನು ಮುದ್ರಿಸಹೋದರೆ ಜಾಗವಿಲ್ಲವೆಂದು ನಿಂತುಬಿಡುತ್ತಿತ್ತು. ಅವರು ಶಾಲೆಯ ಕಾಲದ ಹಳೆಯ ಸುತ್ತೋಲೆಗಳನ್ನು ಒಂದೊಂದಾಗಿ ತೆರೆದು, ಕೊನೆಯ ಸಲವೆಂದು ಪೂರ್ತಿ ಓದಿ, ನಿಟ್ಟುಸಿರಿಟ್ಟು ಅಳಿಸಿದರು. ಗುರುವಾರ ಸಂಜೆಗೆ ಒಂಬೈನೂರು ಕಾಗದಗಳೂ ನಾಲ್ಕು ವರ್ಷಗಳ ವಾರ್ಷಿಕೋತ್ಸವದ ಚಿತ್ರಗಳೂ ಹೋದವು. ಪಟ್ಟೆ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಪಕ್ಕದ ಮನೆಯ ಗಂಗಣ್ಣ, ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು, ಶುಕ್ರವಾರ ಬೆಳಿಗ್ಗೆ ಪೇಪರು ಕೇಳಲು ಬಂದವನು ರೋಗದ ಮೂಲ ಕಂಡುಹಿಡಿದ. ಅಳಿಸಿದ್ದೆಲ್ಲ ಎಲ್ಲಿಗೂ ಹೋಗಿಲ್ಲ, ಯಂತ್ರದೊಳಗೇ ಇರುವ ಕಸದ ಬುಟ್ಟಿಯಲ್ಲಿ ಕುಳಿತಿದೆ, ಬುಟ್ಟಿ ಖಾಲಿ ಮಾಡಿದರೆ ಮಾತ್ರ ಜಾಗ ಬಿಡುತ್ತದೆ ಎಂದ. ತನ್ನ ಮಗಳ ಕಂಪ್ಯೂಟರಿನಲ್ಲಿ ಅವನು ಇದನ್ನು ಕಣ್ಣಾರೆ ನೋಡಿದ್ದನಂತೆ. ರಾಮಾಂಜಿನಪ್ಪನವರು ಬುಟ್ಟಿಯ ಚಿತ್ರದ ಮೇಲೆ ಬಾಣವನ್ನು ಒಯ್ದು ನಿಲ್ಲಿಸಿದ್ದರು. ಆಗ ಶಶಿರೇಖಾ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದ ಕೈಯಲ್ಲೇ ಒಳಗೆ ಬಂದಳು.

"ಶುಕ್ರವಾರ ಈ ಮನೆಯಿಂದ ಏನೂ ಹೊರಗೆ ಹೋಗಕೂಡ್ದು ಅಂತ ಗೊತ್ತಿಲ್ವಾ ನಿಮ್ಗೆ?"

ಹೊರಗೆ ಹೋಗುವುದಿಲ್ಲ, ಒಳಗೇ ನಾಶವಾಗುತ್ತದೆ ಎಂದು ಗಂಡ ವಿವರಿಸಿದರು. ಶುಕ್ರವಾರ ನಾಶ ಮಾಡುವುದು ಹೊರಗೆ ಕೊಡುವುದಕ್ಕಿಂತ ಕೆಟ್ಟದ್ದೆಂದು ಅವಳು ಹೇಳಿದಳು. ಹೆಪ್ಪಿಗೆ ಮೊಸರು ಕೇಳಿದ ಗಂಗಣ್ಣನ ಹೆಂಡತಿಗೇ ಅಂದು ಇಲ್ಲವೆಂದಿದ್ದವಳು ಒಂಬೈನೂರು ಕಾಗದಗಳನ್ನು ಬಿಟ್ಟುಕೊಡುವಳೇ? ಗಂಗಣ್ಣನು, ತಾನು ಶುಕ್ರವಾರಗಳಂದು ಟಿಕೆಟ್ಟನ್ನು ಕೂಡ ಮನಸ್ಸಿಲ್ಲದ ಮನಸ್ಸಿನಿಂದ ಹರಿದುಕೊಡುತ್ತಿದ್ದೆನೆಂದು ಅವಳ ಪಕ್ಷ ವಹಿಸಿದ. ಶಶಿರೇಖಾ ಮೇಲ್ಮನವಿಯನ್ನು ನಲ್ಲೂರಿಗೆ ಫೋನಿನಲ್ಲಿ ಸಲ್ಲಿಸಿದಳು. ಶನಿವಾರ ಬಿಸಾಡಲಿ ಎಂದು ಮುನಿತಾಯಮ್ಮನವರ ತೀರ್ಪು ಬಂತು. ಹಿರಿಯ ಅಳಿಯನ ಮನೆಯ ಕಸ ಎಸೆಯುವ ಮುಹೂರ್ತ ನಿಶ್ಚಯವಾದ ಸುದ್ದಿ ಅಲ್ಲಿಂದ ದೇವನಹಳ್ಳಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಕೆಂಪರಾಜನ ಕರೆ ಬಂತು. ಅವನ ದನಿಯಲ್ಲಿ ತುಂಬಾ ಅಕ್ಕರೆಯಿತ್ತು. ಬೇಕಾದರೆ ತಾನೇ ಬಂದು ಶುಚಿ ಮಾಡಿಕೊಡುತ್ತೇನೆ ಎಂದ. ಆ ಅಕ್ಕರೆಯ ಬದಲು ಅವನು ಕೆನ್ನೆಗೆ ಬಾರಿಸಿದ್ದರೆ ರಾಮಾಂಜಿನಪ್ಪನವರು ಇನ್ನೂ ಸುಲಭವಾಗಿ ಸಹಿಸಿಕೊಳ್ಳುತ್ತಿದ್ದರು.

ಅವರು ಕೊಡೆ ಹಿಡಿದು ನೇರವಾಗಿ ಹೊಸಕೋಟೆಯ ಬಸ್ಸು ಹತ್ತಿದರು. ಅಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದ ಬೈರೇಶ ಅವರದೇ ಶಾಲೆಯಲ್ಲಿ ಓದಿದವನು. ಅವನು ಎಲ್ಲವನ್ನೂ ಕೇಳಿ, ಇದು ಟೆಂಪರರಿ ಫೈಲುಗಳ ಕಾಟ ಎಂದ. ಯಂತ್ರದ ಪ್ರೋಗ್ರಾಮುಗಳು ಕೆಲಸ ಮಾಡುವಾಗ ಆ ಹೊತ್ತಿಗೆಂದು ಏನೇನೋ ಇಳಿಸಿಕೊಳ್ಳುತ್ತವೆ, ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆಯುತ್ತವೆ, ಹದಿಮೂರು ವರ್ಷದ್ದು ಗುಡ್ಡೆ ಬಿದ್ದಿರುತ್ತದೆ ಎಂದು ವಿವರಿಸಿದ.

"ನನ್ನನ್ನ ಕೇಳದೇನೆ?" ಎಂದರು ರಾಮಾಂಜಿನಪ್ಪನವರು.

"ಯಾರನ್ನೂ ಕೇಳಲ್ಲ ಸಾರ್. ಎಲ್ರ ಮೆಷಿನ್ನಲ್ಲೂ ಅಷ್ಟೆ."

"ಕೆಂಪರಾಜನ ಮೆಷಿನ್ನಲ್ಲೂ ಇರುತ್ತಾ?"

"ಯಾರು ಸಾರ್ ಅದು?"

ಆ ಹೆಸರು ಕೇಳದ ಮನುಷ್ಯನೊಬ್ಬ ಹೊಸಕೋಟೆಯಲ್ಲಿ ಇದ್ದಾನೆಂಬುದೇ ಅವರಿಗೆ ಎಷ್ಟೋ ಹಿತವಾಯಿತು. ಬೈರೇಶ ಎರಡು ಮದ್ದು ಬರೆದುಕೊಟ್ಟ. ಮೊದಲು ಟೆಂಪ್ ಎಂಬ ಕೋಣೆಯನ್ನು ತೆರೆದು ಅಲ್ಲಿರುವುದನ್ನೆಲ್ಲ ಅಳಿಸಬೇಕು. ಕೆಲವು ಅಳಿಯಲಾರೆ ಎನ್ನುತ್ತವೆ. ಅವನ್ನು ಬಿಟ್ಟು ಮುಂದೆ ಹೋಗಬೇಕು. ಆಮೇಲೆ ಡಿಸ್ಕ್ ಕ್ಲೀನಪ್ ಎಂಬುದನ್ನು ತೆರೆದು, ಬೇಡದ್ದರ ಮುಂದಿನ ಚೌಕದಲ್ಲಿ ಟಿಕ್ ಹಾಕಿ ಒತ್ತಬೇಕು. ಅದು ಬುಟ್ಟಿಗೆ ಹಾಕುವುದಿಲ್ಲ, ನೇರವಾಗಿ ತೆಗೆದುಬಿಡುತ್ತದೆ. "ಟಿಕ್ ಹಾಕೋಕ್ ಮುಂಚೆ ಒಂದೊಂದನ್ನೂ ಓದಿ ಸಾರ್," ಎಂದೂ ಸೇರಿಸಿದ. ಮೂವತ್ತಾರು ವರ್ಷ ಇತರರಿಗೆ ಓದಿ ಸಹಿ ಮಾಡಿ ಎಂದು ಹೇಳಿದ ಬಾಯಿಗೆ, ತಾವು ಫೀಸು ವಸೂಲು ಮಾಡಿದ ಹುಡುಗನಿಂದ ಈ ಉಪದೇಶ. ರಾಮಾಂಜಿನಪ್ಪನವರು ಆ ಒಂದು ಮಾತನ್ನು ಅಂಗಡಿಯಲ್ಲೇ ಬಿಟ್ಟು ಬಂದರು.

ಶನಿವಾರ ಟೆಂಪ್ ಕೋಣೆ ತೆರೆಯಿತು. ಒಳಗೆ ಹನ್ನೊಂದು ಸಾವಿರ ಫೈಲುಗಳು. ಯಾವ ತಾಯಿಯೂ ಮಗುವಿಗೆ ಇಡಲಾರದಂಥ ಹೆಸರುಗಳು. ಅಳಿಸಹೊರಟರೆ ನಡುವೆ ಯಂತ್ರ ತಡೆಯಿತು: ಈ ಫೈಲು ಬೇರೆ ಕಡೆ ಬಳಕೆಯಲ್ಲಿದೆ, ಅಳಿಸಲಾಗದು. ಬಿಟ್ಟು ಮುಂದೆ ಹೋಗಬೇಕೆಂದು ಬೈರೇಶ ಹೇಳಿದ್ದ. ಆದರೆ ತಮ್ಮ ಮನೆಯಲ್ಲಿ, ತಮ್ಮ ಮೇಜಿನ ಮೇಲೆ, ತಮ್ಮ ಫೈಲನ್ನು ಬಳಸುತ್ತಿರುವವನು ಯಾರೆಂದು ತಿಳಿಯದೆ ಗೃಹಸ್ಥನಾದವನು ಮುಂದೆ ಹೋಗುವುದು ಹೇಗೆ? ಅವರು ಹೆಂಡತಿಯನ್ನು ವಿಚಾರಿಸಿದರು. ಅವಳು ಅವರೆಕಾಳು ಸುಲಿಯುತ್ತಿದ್ದಳು. ಗಂಗಣ್ಣನನ್ನು ವಿಚಾರಿಸಿದರು. ಅವನು ಗೋಡೆಯಾಚೆಯಿಂದಲೇ ಎರಡೂ ಕೈ ಎತ್ತಿ ತೋರಿಸಿದ. ಬಂದು ನೋಡಿದರೆ, ಅಳಿಸಿದ ಜಾಗದಲ್ಲಿ ಹೊಸದಾಗಿ ಹದಿನಾಲ್ಕು ಹುಟ್ಟಿಕೊಂಡಿದ್ದವು.

ಅವರು ಬೈರೇಶನಿಗೆ ಫೋನು ಮಾಡಿದರು. "ನಾನು ತೆಗೆದು ಹತ್ತು ನಿಮಿಷ ಆಗಿಲ್ಲ, ಹದಿನಾಲ್ಕು ಬಂದಿವೆ. ಯಾರೋ ಕಳಿಸ್ತಿದಾರೆ ಕಣಪ್ಪ."

"ಯಾರೂ ಕಳ್ಸಲ್ಲ ಸಾರ್. ಮೆಷಿನ್ ಆನ್ ಇದ್ರೆ ಹುಟ್ತಾನೇ ಇರ್ತವೆ."

"ಆಫ್ ಮಾಡಿದ್ರೆ?"

"ಹುಟ್ಟಲ್ಲ. ಕೆಲ್ಸನೂ ಆಗಲ್ಲ."

ಈ ಉತ್ತರ ರಾಮಾಂಜಿನಪ್ಪನವರಿಗೆ ಸಾಕಾಗಲಿಲ್ಲ. ಅಸೂಯೆಗೆ ತನ್ನದೇ ಆದ ಒಂದು ತರ್ಕಶಾಸ್ತ್ರವಿದೆ. ಒಬ್ಬನ ಯಂತ್ರ ಮುನ್ನೂರ ಎಂಬತ್ತು ಜೀಬಿ ಖಾಲಿ ಇರಬೇಕಾದರೆ ಅವನ ಕಸ ಎಲ್ಲಿಗಾದರೂ ಹೋಗಲೇಬೇಕು. ಇನ್ನೊಬ್ಬನ ಯಂತ್ರದಲ್ಲಿ ಬೇಡವೆಂದರೂ ಕಸ ಹುಟ್ಟುತ್ತಿರಬೇಕಾದರೆ ಅದು ಎಲ್ಲಿಂದಲಾದರೂ ಬರಲೇಬೇಕು. ಎರಡೂ ಮನೆಗಳ ನಡುವೆ ಇಂಟರ್ನೆಟ್ಟೆಂಬ ಚರಂಡಿ ಇದ್ದೇ ಇದೆ. ಈ ಸಿದ್ಧಾಂತವನ್ನು ಕೇಳಿ ಗಂಗಣ್ಣ ಬಹಳ ಹೊತ್ತು ಯೋಚಿಸಿ, ದೇವನಹಳ್ಳಿ ನಮಗಿಂತ ಎತ್ತರದಲ್ಲಿದೆ ಎಂದು ಮಾತ್ರ ಹೇಳಿದ. ರಾಮಾಂಜಿನಪ್ಪನವರು ತಂತಿಯನ್ನು ಗೋಡೆಯಿಂದ ಕಿತ್ತು, ಅದರ ಬಾಯಿಗೆ ಹಳೆಯ ಬಟ್ಟೆ ಸುತ್ತಿದರು.

ಬುಟ್ಟಿ ಬರಿದಾಯಿತು, ಟೆಂಪ್ ಕೋಣೆಯೂ ಹೆಚ್ಚುಕಡಿಮೆ ಬರಿದಾಯಿತು. ಪಟ್ಟೆಯ ಕೆಂಪು ಹೋಗಿ ನೀಲಿ ಬಂತು. ಇಪ್ಪತ್ತಾರು ಜೀಬಿ ಖಾಲಿ ಎಂದು ಯಂತ್ರ ಒಪ್ಪಿಕೊಂಡಿತು. ಪಟ್ಟಿಯ ಕೆಲಸಕ್ಕೆ ಅದರ ನೂರನೆಯ ಒಂದು ಪಾಲು ಸಾಕಾಗಿತ್ತು. ಬುದ್ಧಿವಂತನಾದವನು ಅಲ್ಲಿಗೆ ನಿಲ್ಲಿಸಿ, ಪಟ್ಟಿ ಮುದ್ರಿಸಿಕೊಂಡು, ಅವರೆಕಾಳಿನ ಸಾರು ಉಣ್ಣುತ್ತಿದ್ದ. ಆದರೆ ಇಪ್ಪತ್ತಾರು ಎಂಬುದು ಮುನ್ನೂರ ಎಂಬತ್ತರ ಪಕ್ಕದಲ್ಲಿ ಹೇಗೆ ಕಾಣುತ್ತದೆ? ರಾಮಾಂಜಿನಪ್ಪನವರು ಡಿಸ್ಕ್ ಕ್ಲೀನಪ್ ತೆರೆದರು. ಹದಿನೈದು ಚೌಕಗಳು ಸಾಲಾಗಿ ಬಂದು ನಿಂತವು. ಪ್ರತಿಯೊಂದರ ಎದುರಿಗೂ ಇಷ್ಟು ಜಾಗ ಬಿಟ್ಟುಕೊಡುತ್ತೇನೆಂಬ ಅಂಕಿ ಇತ್ತು. ಅವರು ಅಂಕಿಗಳನ್ನು ಓದಿದರು, ಹೆಸರುಗಳನ್ನು ಓದಲಿಲ್ಲ. ಹದಿನೈದಕ್ಕೂ ಟಿಕ್ ಬಿತ್ತು. ಇವನ್ನು ಶಾಶ್ವತವಾಗಿ ತೆಗೆಯಲೇ ಎಂದು ಯಂತ್ರ ಕೇಳಿತು. ಶಾಶ್ವತ ಎಂಬ ಮಾತಿನ ತೂಕವನ್ನು ಸವಿಯುತ್ತ ಅವರು ಹೌದು ಎಂದು ಒತ್ತಿದರು.

ಎಪ್ಪತ್ತೊಂದು ಜೀಬಿ ಖಾಲಿ. ನೋಡಲು ಗಂಗಣ್ಣನ ಮನೆಯವರೆಲ್ಲ ಬಂದರು. ಶಶಿರೇಖಾ ಯಂತ್ರದ ನೆತ್ತಿಗೊಂದು ಸೇವಂತಿಗೆ ಇಟ್ಟಳು. ರಾಮಾಂಜಿನಪ್ಪನವರು ದೇವನಹಳ್ಳಿಗೆ ಫೋನು ಮಾಡಿ, ಬೇರೆ ಏನನ್ನೋ ಕೇಳುವವರಂತೆ ನಾಲ್ಕು ಮಾತಾಡಿ, ಫೋನು ಇಡುವ ಮುಂಚೆ ಅಂಕಿಯನ್ನು ತಿಳಿಸಿದರು. ತುಂಬಾ ಸಂತೋಷ ಅಣ್ಣ, ನಾಳೆ ಪಟ್ಟಿ ತಗೊಂಡು ಬನ್ನಿ ಎಂದ ಕೆಂಪರಾಜ.

ಅವರು ಪಟ್ಟಿ ತೆಗೆಯಲು ಡೌನ್‌ಲೋಡ್ಸ್ ಕೋಣೆಗೆ ಹೋದರು. ಕೋಣೆ ಸಾರಿಸಿ ಗುಡಿಸಿದಷ್ಟು ಚೊಕ್ಕಟವಾಗಿತ್ತು. ಹದಿನೈದು ಚೌಕಗಳ ಪೈಕಿ ಅದೂ ಒಂದಾಗಿತ್ತೆಂಬುದು ಬೈರೇಶನನ್ನು ಕೇಳಿದ ಮೇಲೆ ತಿಳಿಯಿತು. ಓದಲಿಲ್ಲವಾ ಸಾರ್ ಎಂದು ಅವನು ಮೆಲ್ಲಗೆ ಕೇಳಿದ.

ರಾಮಾಂಜಿನಪ್ಪನವರು ನೆನಪಿನಿಂದ ಬರೆಯಲು ಕುಳಿತರು. ಸಂಜೆಯವರೆಗೆ ಹೆಣಗಿ ನಲವತ್ತಮೂರು ಮನೆ ಬರೆದರು. ಅವುಗಳಲ್ಲಿ ಹನ್ನೊಂದು ಹೆಸರಿನವರು ತೀರಿಕೊಂಡಿದ್ದಾರೆಂದು ಶಶಿರೇಖಾ ತೋರಿಸಿಕೊಟ್ಟಳು. ನಿಜ ಹೇಳಿಬಿಡಿ ಎಂದೂ ಹೇಳಿದಳು. ಅವರಿಗೆ ಅಂಥದೇನೂ ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷದ ಅಧಿಕಾರ ಕೈತಪ್ಪಿ, ಆ ಬಿಳಿಯ ಅಂಗಿಯ ಜೇಬಿಗೆ ಸೇರುವುದು ಅವರ ಕಣ್ಣಿಗೆ ಕಟ್ಟಿತ್ತು.

ಭಾನುವಾರ ನಲ್ಲೂರಿನ ಪಡಸಾಲೆ ಕಿಕ್ಕಿರಿದಿತ್ತು. ಹತ್ತಿರದ ವಿಜಯಪುರದಿಂದ ಹಿರಿಯರಾದ ಪಿಳ್ಳಪ್ಪನವರು ಬಂದಿದ್ದರು. ಅಪ್ಪಯ್ಯಣ್ಣನವರ ತಂಗಿ ಕದಿರಮ್ಮ ಸೊಸೆಯೊಡನೆ ಬಂದಿದ್ದಳು. ರಾಮಾಂಜಿನಪ್ಪನವರು ದಾರಿಯುದ್ದಕ್ಕೂ ಹೆಣೆದ ಪೀಠಿಕೆಯನ್ನು ಗಂಟಲಿಗೆ ತಂದುಕೊಂಡು ಎದ್ದರು. ಅವರಿಗಿಂತ ಮೊದಲು ಕೆಂಪರಾಜ ಮಾತು ತೆಗೆದ.

"ಮಾವ, ಅಣ್ಣನ ಮೆಷಿನ್ನಿಗೆ ತೊಂದ್ರೆ ಅಂತ ಕೇಳ್ದೆ. ಇರ್ಲಿ ಅಂತ ನಾನೇ ಕೂತು ಒಂದು ಪಟ್ಟಿ ಮಾಡಿದೀನಿ. ಆರ್ನೂರ ಹದಿನಾಲ್ಕು ಮನೆ."

ಆರುನೂರ ಹದಿನಾಲ್ಕು. ರಾಮಾಂಜಿನಪ್ಪನವರಿಗೆ ಆ ಸಂಖ್ಯೆಯ ಗುರುತು ಸಿಕ್ಕಿತು. ಮೂರು ವರ್ಷದ ಹಿಂದೆ ಪಿಳ್ಳಪ್ಪನವರ ಮೊಮ್ಮಗನ ಮದುವೆಯ ಫೋಟೋ ಬೇಕೆಂದು ಇದೇ ಕೆಂಪರಾಜ ಜಡಿಗೇನಹಳ್ಳಿಗೆ ಬಂದು, ಯಂತ್ರಕ್ಕೆ ಬೆರಳುದ್ದದ ಪೆನ್‌ಡ್ರೈವ್ ಚುಚ್ಚಿ, ತಾವು ಕಾಫಿ ಹೇಳಲು ಒಳಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಸಿಕೊಂಡು ಎದ್ದದ್ದು ನೆನಪಾಯಿತು. ಕದ್ದಿದ್ದಾನೆ. ಪಟ್ಟಿ ಬದುಕಿದೆ ಎಂಬ ಆನಂದ, ಶತ್ರುವಿನ ಮಡಿಲಲ್ಲಿ ಬದುಕಿದೆ ಎಂಬ ಸಂಕಟ, ಎರಡೂ ಒಟ್ಟಿಗೆ ಬಂದು ಅವರು ಕಂಬ ಹಿಡಿದುಕೊಂಡರು. ಅದು ನನ್ನದು ಎಂದರೆ, ನಿಮ್ಮ ಪ್ರತಿ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅವರು ಬಾಯಿ ಮುಚ್ಚಿದರು.

ದಿವ್ಯ ಲ್ಯಾಪ್‌ಟಾಪನ್ನು ಮಡಿಲಿಗೆ ಎಳೆದುಕೊಂಡು ಓದಲು ಶುರುಮಾಡಿದಳು.

"ಒಂದು. ಪಿಳ್ಳಪ್ಪನವರು, ವಿಜಯಪುರ, ಅತ್ತೆಯವರ ತವರು. ಷರಾ..." ಅವಳು ತಡವರಿಸಿದಳು. ಓದಮ್ಮ ಎಂದರು ಅಪ್ಪಯ್ಯಣ್ಣನವರು. "ಎರಡು ಬಾರಿ ಕರೆಯತಕ್ಕದ್ದು. ಒಂದು ಬಾರಿ ಕರೆದರೆ ಕರೆದೇ ಇಲ್ಲವೆಂದು ಹೇಳುವ ಸ್ವಭಾವದವರು."

ಪಿಳ್ಳಪ್ಪನವರ ಬಾಯಿಗೆ ಹೋಗುತ್ತಿದ್ದ ಎಲೆಯಡಿಕೆ ಅರ್ಧದಲ್ಲಿ ನಿಂತಿತು. ಅವರು ಕೆಂಪರಾಜನನ್ನು ನೋಡಿದರು. ಕೆಂಪರಾಜ ಲ್ಯಾಪ್‌ಟಾಪನ್ನು ನೋಡಿದ. ಕದ್ದುಕೊಂಡು ಹೋದ ಫೈಲನ್ನು ಅವನು ಈ ಮೂರು ವರ್ಷಗಳಲ್ಲಿ, ಮನೆಗಳ ಸಂಖ್ಯೆ ನೋಡುವುದಕ್ಕಲ್ಲದೆ, ಒಮ್ಮೆಯೂ ಓದಿರಲಿಲ್ಲವೆಂಬುದು ಅವನ ಮುಖದ ಮೇಲೆ ಅಚ್ಚೊತ್ತಿತ್ತು.

"ಎರಡು. ಕದಿರಮ್ಮನವರು, ಚನ್ನರಾಯಪಟ್ಟಣ ಹೋಬಳಿ, ಮಾವನವರ ತಂಗಿ. ಷರಾ: ನಿಂತೇ ಪತ್ರಿಕೆ ಕೊಟ್ಟು ಹಿಂದಿರುಗತಕ್ಕದ್ದು. ಕುಳಿತರೆ ಸೊಸೆಯ ವಿಚಾರ ಪ್ರಾರಂಭವಾಗುತ್ತದೆ."

ಕದಿರಮ್ಮನ ಸೊಸೆ ಅತ್ತೆಯ ಕಡೆ ನಿಧಾನವಾಗಿ ತಿರುಗಿದಳು. ಕದಿರಮ್ಮ ಕೆಂಪರಾಜನ ಕಡೆ ತಿರುಗಿ, "ನಿನ್ ಹತ್ರ ಯಾವತ್ತು ಹೇಳ್ದೆನಯ್ಯ ನಾನು? ನಮ್ಮನೆ ಹೊಸ್ಲು ತುಳಿದಿದ್ದೀಯಾ ನೀನು?" ಎಂದಳು. ಕೆಂಪರಾಜ ಏನೋ ತಪ್ಪಾಗಿ ಟೈಪಾಗಿದೆ ಎಂದು ಗೊಣಗಿದ. ಅವನ ಬಿಳಿಯ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗುವುದನ್ನು ಹಿಂದೆ ನಿಂತಿದ್ದ ರಾಮಾಂಜಿನಪ್ಪನವರು ಕಣ್ತುಂಬ ನೋಡಿದರು. ಇಡೀ ಆಯುಷ್ಯದಲ್ಲಿ ಅವರಿಗೆ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ರುಚಿಸಿದ್ದಿಲ್ಲ. ಇನ್ನು ಐದು ನಿಮಿಷ ಹೀಗೇ ನಿಂತರೆ ಷಡ್ಡಕನಿಗೆ ಈ ಮನೆಯಲ್ಲಿ ಕುರ್ಚಿಯಿರಲಿ, ಚಾಪೆಯೂ ಸಿಗುತ್ತಿರಲಿಲ್ಲ.

"ಮೂರು. ಅಪ್ಪಯ್ಯಣ್ಣನವರು, ನಲ್ಲೂರು, ಮಾವ. ಷರಾ: ಕಿವಿ ಸ್ಪಷ್ಟವಾಗಿ ಕೇಳಿಸುತ್ತದೆ, ತಮಗೆ ಬೇಕಾದಾಗ."

ಎಲ್ಲರೂ ಅಪ್ಪಯ್ಯಣ್ಣನವರ ಕಡೆ ನೋಡಿದರು. ಅಷ್ಟರಲ್ಲಿ ಮುನಿತಾಯಮ್ಮನವರು ನಗತೊಡಗಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ ಕಣ್ಣಲ್ಲಿ ನೀರು ಬಂತು. "ಐವತ್ತೈದು ವರ್ಷ ಸಂಸಾರ ಮಾಡಿ ನಂಗೆ ಹೇಳಕ್ಕಾಗ್ಲಿಲ್ಲ," ಎಂದರು. "ಎಷ್ಟ್ ಚೆನ್ನಾಗ್ ಬರ್ದಿದಾರೆ ನಮ್ ಚಿಕ್ಕಳಿಯಂದ್ರು. ಇಷ್ಟು ಬುದ್ಧಿ ಇದೆ ಅಂತ ಗೊತ್ತಿರ್ಲಿಲ್ಲ. ಪತ್ರಿಕೆನೂ ಇವ್ರೇ ಬರೀಲಿ." ಅಪ್ಪಯ್ಯಣ್ಣನವರ ಮೀಸೆಯೂ ಅಲುಗಿತು. ಪಿಳ್ಳಪ್ಪನವರು, ಬರವಣಿಗೆಯೇನೋ ಗಟ್ಟಿಯಾಗಿದೆ ಎಂದು ಒಪ್ಪಿಕೊಂಡರು. ಕೆಂಪರಾಜನ ಮುಖಕ್ಕೆ ರಕ್ತ ಮರಳಿತು. ಅವನು ವಿನಯದಿಂದ ತಲೆ ತಗ್ಗಿಸಿದ.

ಬೈಗುಳವೆಲ್ಲ ಅವನಿಗೆ ಹೋಗಲೆಂದು ಸುಮ್ಮನಿದ್ದ ರಾಮಾಂಜಿನಪ್ಪನವರಿಗೆ, ಹೊಗಳಿಕೆಯೂ ಅವನಿಗೇ ಹೋಗುವುದೆಂಬುದು ಹೊಳೆದಿರಲಿಲ್ಲ. ಆ ವಾಕ್ಯಕ್ಕೆ ಅವರು ಮೂರು ದಿನ ತೆಗೆದುಕೊಂಡಿದ್ದರು. ನಡುವಿನ ಅಲ್ಪವಿರಾಮವನ್ನು ಇಡಲು ಒಂದು ಇಡೀ ಮಧ್ಯಾಹ್ನ. ಸುಮ್ಮನಿದ್ದರೆ ಮಾನ ಉಳಿಯುತ್ತದೆಂದು ಬುದ್ಧಿ ಹೇಳುತ್ತಲೇ ಇತ್ತು. ಹೊಟ್ಟೆ ಕೇಳಲಿಲ್ಲ.

"ಅದು ನಂದು," ಎಂದರು ರಾಮಾಂಜಿನಪ್ಪನವರು. ದನಿ ಅವರಿಗೇ ಅಪರಿಚಿತವಾಗಿತ್ತು. "ಅವ್ನಿಗೆ ಅಲ್ಪವಿರಾಮ ಎಲ್ಲಿ ಇಡ್ಬೇಕು ಅಂತ್ಲೇ ಗೊತ್ತಿಲ್ಲ. ಪೂರ್ತಿ ನಂದು."

ಆಮೇಲೆ ಎಲ್ಲವೂ ಹೊರಬಂತು: ಟೆಂಪ್ ಕೋಣೆ, ಹದಿನೈದು ಚೌಕ, ಶಾಶ್ವತವೆಂಬ ಮಾತು, ಬೆರಳುದ್ದದ ಪೆನ್‌ಡ್ರೈವು. ಕೆಂಪರಾಜ ಅಲ್ಲಗಳೆಯಲಿಲ್ಲ. ಪಟ್ಟಿಯೊಂದು ತನ್ನ ಬಳಿ ಇಲ್ಲವೆಂಬ ಒಂದೇ ಕೊರಗು ತನಗೂ ಇತ್ತೆಂದು ನೆಲ ನೋಡುತ್ತ ಒಪ್ಪಿಕೊಂಡ. ಪಿಳ್ಳಪ್ಪನವರು, ಕದಿರಮ್ಮ, ಅವಳ ಸೊಸೆ ಮೂವರೂ ಇದುವರೆಗೆ ಕೆಂಪರಾಜನ ಮೇಲಿದ್ದ ದೃಷ್ಟಿಯನ್ನು ಕಿತ್ತು ರಾಮಾಂಜಿನಪ್ಪನವರ ಮೇಲೆ ನೆಟ್ಟರು. ಈ ಗದ್ದಲದ ನಡುವೆ ದಿವ್ಯಳ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು.

"ನಾಲ್ಕು," ಎಂದು ಅವಳು ಓದಿದಳು. "ಕೆಂಪರಾಜ್, ದೇವನಹಳ್ಳಿ, ಷಡ್ಡಕ. ಷರಾ: ಫೋಟೋದಲ್ಲಿ ನನ್ನ ಪಕ್ಕದಲ್ಲಿ ನಿಲ್ಲಿಸತಕ್ಕದ್ದಲ್ಲ."

ಕಾರಣ ಬರೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪಡಸಾಲೆಯ ಅಷ್ಟೂ ತಲೆಗಳು ಕೆಂಪರಾಜನ ನೆತ್ತಿಯವರೆಗೆ ಏರಿ, ಅಲ್ಲಿಂದ ರಾಮಾಂಜಿನಪ್ಪನವರ ನೆತ್ತಿಯವರೆಗೆ ಇಳಿದವು. ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಅದಕ್ಕೇನಾ ಅಣ್ಣ," ಎಂದ ಕೆಂಪರಾಜ ಮೆಲ್ಲಗೆ, "ಪ್ರತಿ ಮದ್ವೇಲೂ ನನ್ನನ್ನ ಆ ಕೊನೆಗೆ, ಬಾಳೆಕಂಬದ ಹಿಂದಕ್ಕೆ ಕಳಿಸ್ತಿದ್ದಿದ್ದು? ನಾನು ಏನ್ ತಪ್ ಮಾಡಿದೀನೋ ಅಂತ ಯೋಚ್ನೆ ಮಾಡ್ತಿದ್ದೆ."

ಅಪ್ಪಯ್ಯಣ್ಣನವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದರು. ಇಷ್ಟು ಜನರ ಗುಣವನ್ನು ಇಷ್ಟು ಸರಿಯಾಗಿ ಬರೆದವರೇ ಪತ್ರಿಕೆಯನ್ನೂ ಬರೆಯತಕ್ಕದ್ದು. ಆದ್ದರಿಂದ ಅದು ಹಿರಿಯ ಅಳಿಯಂದಿರಿಗೇ ಉಳಿಯಿತು. ಆದರೆ ಆ ಪತ್ರಿಕೆಗಳನ್ನು ಆರುನೂರ ಹದಿನಾಲ್ಕು ಮನೆಗೂ ಅವರೇ ಹೋಗಿ ಕೊಡಬೇಕು, ಕದಿರಮ್ಮನ ಮನೆಯಲ್ಲಿ ಕುಳಿತುಕೊಳ್ಳಬೇಕು, ಮತ್ತು ಕಿರಿಯ ಅಳಿಯಂದಿರು ಕಾರು ಓಡಿಸಬೇಕು. ಪಟ್ಟಿ ಇಬ್ಬರ ಯಂತ್ರದಲ್ಲೂ ಇರಬೇಕು. ಅಷ್ಟು ಹೇಳಿ, ರಾಮಾಂಜಿನಪ್ಪನವರ ಹೆಸರಿನ ಎದುರಿಗೆ ಏನು ಷರಾ ಇದೆ ಎಂದು ಮೊಮ್ಮಗಳನ್ನು ಕೇಳಿದರು. ದಿವ್ಯ ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. ಅವರ ಹೆಸರೇ ಪಟ್ಟಿಯಲ್ಲಿರಲಿಲ್ಲ.

ಸೇರಿಸಲು ಎಲ್ಲರೂ ಸಿದ್ಧರಾಗಿದ್ದರು. ಪಿಳ್ಳಪ್ಪನವರ ಬಳಿ ಎರಡು ವಾಕ್ಯಗಳಿದ್ದವು. ಕದಿರಮ್ಮನ ಬಳಿ ಅರ್ಧ ಗಂಟೆಯಷ್ಟಿತ್ತು. ಅಪ್ಪಯ್ಯಣ್ಣನವರು ಕೈಯೆತ್ತಿ ತಡೆದು, ಆ ಹಕ್ಕು ಕೆಂಪರಾಜನದು ಎಂದರು. ರಾಮಾಂಜಿನಪ್ಪನವರೇ ಟೈಪು ಮಾಡಬೇಕೆಂದೂ ಆಯಿತು. ಅವರು ಷಡ್ಡಕನ ತೆಳ್ಳಗಿನ ಯಂತ್ರದ ಮುಂದೆ ಕುಳಿತು, ಕಾಲಮ್ಮು ತೆರೆದು, ಶಿಕ್ಷೆಗೆ ತಲೆಯೊಡ್ಡಿದವರಂತೆ ಕಾದರು.

ಕೆಂಪರಾಜ ಅವರ ಪಕ್ಕದಲ್ಲಿ ಬಂದು ಕುಳಿತ.

"ಬರ್ಕೊಳ್ಳಿ ಅಣ್ಣ. ಫೋಟೋ ತೆಗೆಯುವಾಗ ಇವ್ರನ್ನ ಮುಂದಿನ ಸಾಲಲ್ಲಿ ಕುರ್ಚಿ ಹಾಕಿ ಕೂರಿಸ್ಬೇಕು. ಪಕ್ಕದ ಕುರ್ಚಿ ನಂಗೆ. ಕೂತ್ರೆ ಎಲ್ಲಾ ಒಂದೇ."

ಮುನಿತಾಯಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹೇಳಿ ಎಂದರು. ಕೆಂಪರಾಜ ಇನ್ನೊಂದು ಸಲ ಹೇಳಿದ. ರಾಮಾಂಜಿನಪ್ಪನವರು ಅಭ್ಯಾಸಬಲದಿಂದ ಮೊದಲ ವಾಕ್ಯವನ್ನು ಗ್ರಂಥಭಾಷೆಗೆ ತಿರುಗಿಸಿದರು, ಎರಡನೆಯದನ್ನೂ ತಿರುಗಿಸಿದರು. ಮೂರನೆಯದರ ಬಳಿಗೆ ಬಂದು ಅವರ ಬೆರಳು ನಿಂತಿತು. ಅದರಲ್ಲಿ ತಿದ್ದಲು ಏನೂ ಇರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಗಂಡ ಹೆಂಡತಿ ಹಿಂದಿರುಗಿದರು. ಸೂಲಿಬೆಲೆ ದಾಟುವವರೆಗೂ ರಾಮಾಂಜಿನಪ್ಪನವರ ತುಟಿಗಳು ಅಲುಗುತ್ತಿದ್ದವು. ಒಂದು ಪದ ಹೆಚ್ಚು ಮಾಡಿ ನೋಡಿದರು, ಒಂದು ಕಡಿಮೆ ಮಾಡಿ ನೋಡಿದರು, ಅಲ್ಪವಿರಾಮವನ್ನು ಎರಡು ಕಡೆ ಇಟ್ಟು ತೆಗೆದರು. ಕೊನೆಗೆ ತಡೆಯಲಾರದೆ ಹೆಂಡತಿಯ ಕಡೆ ತಿರುಗಿ, ಅವನು ಕಡೆಯಲ್ಲಿ ಹೇಳಿದ ಮಾತು ಅಷ್ಟೇನೂ ಚೆನ್ನಾಗಿರಲಿಲ್ಲ ಅಲ್ಲವೇ ಎಂದು ಕೇಳಿದರು.

"ಚೆನ್ನಾಗೇ ಇತ್ತು ಕಣ್ರೀ," ಎಂದಳು ಶಶಿರೇಖಾ.

ಜಡಿಗೇನಹಳ್ಳಿ ಬರುವವರೆಗೆ ಅವರು ಅಲ್ಪವಿರಾಮಕ್ಕೆ ಇನ್ನೊಂದು ಜಾಗ ಹುಡುಕುತ್ತಿದ್ದರು.